ಶಸ್ತ್ರವೈದ್ಯರ ಸಂಘವೂ ರೋಗಿಯ ಕ್ಷೇಮವೂ

ಮನೆಯಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿದೊಡನೆ ಗೃಹಸ್ಥನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುವು. ಕತ್ತಿ ಹಿಡಿಯುವ ಕೈ ನುರಿತುದೇ? ಈ ಚಿಕಿತ್ಸೆಯು ನಿಜವಾಗಿಯೂ ಅವಶ್ಯವೇ? ಇವನ್ನು ತಾನಾಗಿ ಪರೀಕ್ಷಿಸಿ ತಿಳಿಯುವುದು ರೋಗಿಗೆ ಅಸಾಧ್ಯ; ಮೂರ್ಛೆಗೊಳಿಸಿದ ಮೇಲಂತೂ ಅವನ ಪ್ರಾಣವು ಪರರ ಕೈಯಲ್ಲಿರುವುದು. ಆದುದರಿಂದ ಶಸ್ತ್ರವೈದ್ಯರು ತಮಗೆ ತಾವೇ ಕಟ್ಟಳೆಗಳನ್ನು ವಿಧಿಸಿಕೊಳ್ಳುವುದು ಜನರ ರಕ್ಷಣೆಗೆ ಬಹು ಮುಖ್ಯವಾದುದು. ಅಮೆರಿಕಾದ ಶಸ್ತ್ರವೈದ್ಯರು ಇದನ್ನು ಹೇಗೆ ಸಾಧಿಸಿದರೆಂಬ ವೃತ್ತಾಂತವು ವಾಚಕರು ಅರಿಯತಕ್ಕುದಾಗಿದೆ.

1846ರಲ್ಲಿ ಬಾಸ್ಟನ್ ನಗರದಲ್ಲಿ ಈಥರಿನಿಂದ ರೋಗಿಯನ್ನು ಮೂರ್ಛೆಗೊಳಿಸಿ ನೋವಿಲ್ಲದೆ ಶಸ್ತ್ರಕ್ರಿಯೆ ಮಾಡಬಹುದೆಂದು ತೋರಿಸಿದರು. 1867ರಲ್ಲಿ ಬ್ರಿಟನ್ನಿನ ಲಿಸ್ಟರನು ಗಾಯವು ಕೊಳೆಯದಂತೆ ಕಾಪಾಡುವ ಕ್ರಮವನ್ನು ಪ್ರಕಟಿಸಿದನು. ಹಿಂದೆ ಯಾರೂ ಮುಟ್ಟಲಂಜುತ್ತಿದ್ದ ಉದರದ ಶಸ್ತ್ರಕ್ರಿಯೆಗಳು ಕ್ರಮೇಣ ಸಾಮಾನ್ಯವಾದುವು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಅಮೆರಿಕಾದಲ್ಲಿ ವೈದ್ಯವೃತ್ತಿಯ ಪರವಾನಗಿಯೊಂದಿದ್ದರೆ ಸಾಕು, ವಿಶೇಷ ಶಿಕ್ಷಣವಿಲ್ಲದವನೂ ಕತ್ತಿ ಹಿಡಿಯಬಹುದಾಗಿತ್ತು. ಇದಕ್ಕಿಂತಲೂ ಕೇಡಿನ ವಾಡಿಕೆಯೊಂದಿತ್ತು. ಊರಿನ ವೈದ್ಯನು ರೋಗಿಯನ್ನು ಶಸ್ತ್ರವೈದ್ಯನ ಬಳಿಗೆ ಕಳುಹಿಸುವನು. ಶಸ್ತ್ರವೈದ್ಯನು ತನ್ನ ಶುಲ್ಕದಲ್ಲಿ ಒಂದು ಪಾಲನ್ನು ಗುಟ್ಟಾಗಿ ಅವನಿಗೆ ಕೊಡುವನು. ಹೆಚ್ಚು ಪಾಲು ಕೊಡುವವನ ಬಳಿಗೇ ರೋಗಿಯು ಹೋಗುವಂತಾದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗಲಿಲ್ಲವೇ?

ಷಿಕಾಗೋ ನಗರದಲ್ಲಿ ಸ್ತ್ರೀರೋಗಗಳ ಶಸ್ತ್ರವೈದ್ಯನಾಗಿದ್ದ ಫ್ರಾಂಕ್ಲಿನ್ ಮಾರ್ಟಿನ್ ಎಂಬಾತನು 1905ರಲ್ಲಿ ಶಸ್ತ್ರವೈದ್ಯರಿಗಾಗಿ ಒಂದು ಪತ್ರಿಕೆಯನ್ನು ಸ್ಥಾಪಿಸಿದನು. ಓದಿ ತಿಳಿಯುವುದಕ್ಕಿಂತ ಕಣ್ಣಾರೆ ಕಂಡು ಕಲಿಯುವುದು ಮೇಲೆಂದು ಬಗೆದು, 1910ರಲ್ಲಿ ಅದೇ ನಗರದಲ್ಲಿ ಒಂದು ಸಮ್ಮೇಳನವನ್ನು ಕೂಡಿಸಿದನು. ಅಲ್ಲಿ ಉಪನ್ಯಾಸಗಳಿಗಿಂತ ಆಸ್ಪತ್ರೆಗಳಲ್ಲಿ ನಡೆಯುವ ಶಸ್ತ್ರಕ್ರಿಯೆಗಳನ್ನು ನೋಡುವುದೇ ಮುಖ್ಯವಾಗಿತ್ತು. ಎರಡೇ ವರ್ಷಗಳಲ್ಲಿ, ನ್ಯೂಯಾರ್ಕಿನ ಸಮ್ಮೇಳನದ ಹೊತ್ತಿಗೆ, ಬಂದವರ ನೂಕುನುಗ್ಗಲು ಮಿತಿಮೀರಿತು. ಯೋಗ್ಯತೆಯನ್ನು ಅಳೆದು ಸದಸ್ಯರನ್ನು ಆರಿಸುವ ಶಾಶ್ವತ ಸಂಸ್ಥೆಯೊಂದು ಬೇಕೆಂಬುದು ಮಾರ್ಟಿನನ ನಿಶ್ಚಯವಾಯಿತು. ಇಂಗ್ಲೆಂಡಿನ ಶಸ್ತ್ರವೈದ್ಯರ ರಾಜ ವಿದ್ಯಾಪೀಠವನ್ನು ಮಾದರಿಯಾಗಿಟ್ಟುಕೊಂಡು, 1913ರ ಮೇ ತಿಂಗಳಲ್ಲಿ ವಾಷಿಂಗ್ಟನ್ ನಗರದಲ್ಲಿ ‘ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್’ ಸ್ಥಾಪಿತವಾಯಿತು. ಬಾಲ್ಟಿಮೋರಿನ ಜಾನ್ ಫಿನ್ನಿ ಮೊದಲನೆಯ ಅಧ್ಯಕ್ಷನಾದನು. ಶುಲ್ಕದಲ್ಲಿ ಗುಟ್ಟಾಗಿ ಪಾಲು ಹಂಚುವುದಿಲ್ಲವೆಂದು ಪ್ರತಿಯೊಬ್ಬ ಸದಸ್ಯನೂ ಪ್ರತಿಜ್ಞೆ ಮಾಡಬೇಕೆಂಬ ನಿಯಮವುಂಟಾಯಿತು.

ಹೊಸದಾಗಿ ಸೇರಬಯಸುವವರು ತಾವು ಮಾಡಿದ ನೂರು ಶಸ್ತ್ರಕ್ರಿಯೆಗಳ ವಿವರವನ್ನು ಬರೆದು ಒಪ್ಪಿಸಬೇಕೆಂದು ಸಂಘವು ಕಟ್ಟು ಮಾಡಿತು. ಆಗ ವಿಚಿತ್ರವಾದ ಸಂಗತಿಯೊಂದು ಹೊರಬಿದ್ದಿತು. ಅನೇಕ ಆಸ್ಪತ್ರೆಗಳಲ್ಲಿ ಸರಿಯಾದ ದಾಖಲೆಗಳೇ ಇರಲಿಲ್ಲ! ರೋಗಿಗೆ ಏನಾಗಿತ್ತು, ಏನು ಮಾಡಿದರು, ಕೊನೆಗೇನಾಯಿತು ಎಂಬುದು ಬರಹದಲ್ಲಿ ಇಲ್ಲದಿದ್ದರೆ ವೈದ್ಯನ ಕೌಶಲವನ್ನು ಅಳೆಯುವ ಬಗೆ ಯಾವುದು? ವೈದ್ಯರನ್ನು ತಿದ್ದಹೊರಟ ಸಂಘವು ಆಸ್ಪತ್ರೆಗಳನ್ನೇ ತಿದ್ದಬೇಕಾಗಿ ಬಂದಿತು.

ಈ ವಿಚಾರದಲ್ಲಿ ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ನನ ಹೆಸರು ಸ್ಮರಣೀಯ. ಚಿಕಿತ್ಸೆ ಪಡೆದ ರೋಗಿಗೆ ಅಂತಿಮವಾಗಿ ಗುಣವಾಯಿತೇ, ಇಲ್ಲವಾದರೆ ಏಕಿಲ್ಲ ಎಂಬುದನ್ನು ಕೊನೆಯವರೆಗೂ ವಿಚಾರಿಸಬೇಕೆಂಬುದು ಆತನ ಪಟ್ಟು. ತನ್ನ ಚಿಕ್ಕ ಆಸ್ಪತ್ರೆಯಿಂದ 1911ರಿಂದ 1916ರ ವರೆಗೆ ಮನೆಗೆ ಹೋದ 337 ರೋಗಿಗಳ ವಿಷಯದಲ್ಲಿ 123 ತಪ್ಪುಗಳಾಗಿದ್ದುವೆಂದು ತಾನೇ ಎಣಿಸಿ ಅಚ್ಚು ಹಾಕಿಸಿದನು. ಸಹೋದ್ಯೋಗಿಗಳು ಮೆಚ್ಚಲಿಲ್ಲ, ಆತನು ಬಹಳ ವಿರೋಧವನ್ನು ಸಹಿಸಬೇಕಾಯಿತು. ಆದರೂ ಆತನ ತತ್ತ್ವವು ಸಂಘದ ಕಾರ್ಯಕ್ಕೆ ಬೀಜವಾಯಿತು.

ಸಂಘವು 1918ರಲ್ಲಿ ನೂರು ಹಾಸಿಗೆಗಳೂ ಅದಕ್ಕೆ ಮೇಲ್ಪಟ್ಟೂ ಇದ್ದ 692 ಆಸ್ಪತ್ರೆಗಳನ್ನು ಪರೀಕ್ಷಿಸಿತು. ತೇರ್ಗಡೆಯಾದುವು 89 ಮಾತ್ರ! ಪ್ರಸಿದ್ಧವಾದ ಆಸ್ಪತ್ರೆಗಳ ಹೆಸರುಗಳೇ ತಪ್ಪಿದವುಗಳಲ್ಲಿ ಸೇರಿದ್ದುವು. 1919ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ್ದಾಗ, ಪಟ್ಟಿಯು ಪತ್ರಿಕೆಗಳವರ ಕೈಗೆ ಸಿಕ್ಕೀತೆಂಬ ಭಯದಿಂದ ಅದನ್ನು ಹೋಟೆಲಿನ ಒಲೆಯಲ್ಲಿ ಸುಟ್ಟುಬಿಟ್ಟರೆಂದು ಪ್ರಸಿದ್ಧಿಯಿದೆ. ಪಟ್ಟಿಯು ಸುಟ್ಟರೂ ಕೆಲಸವು ನಿಲ್ಲಲಿಲ್ಲ. ವೈದ್ಯರು ಅರ್ಹರೂ ಪಾಲು ಹಂಚದವರೂ ಆಗಿರಬೇಕು, ತಿಂಗಳಿಗೊಮ್ಮೆಯಾದರೂ ಕೂಡಿ ತಮ್ಮ ಕೆಲಸವನ್ನು ವಿಮರ್ಶಿಸಬೇಕು, ಪ್ರತಿ ರೋಗಿಯ ದಾಖಲೆಯೂ ಪೂರ್ಣವಾಗಿರಬೇಕು, ಪ್ರಯೋಗಶಾಲೆಯೂ ಕ್ಷಕಿರಣದ ಸಾಧನವೂ ಇರಬೇಕು — ಎಂಬೀ ಬಗೆಯ ಸರಳ ನಿಯಮಗಳನ್ನು ಒಂದೇ ಪುಟದಲ್ಲಿ ಅಡಕಮಾಡಿ ಸಾರಿದರು. 1950ರ ಹೊತ್ತಿಗೆ ಒಪ್ಪಿಗೆ ಪಡೆದ ಆಸ್ಪತ್ರೆಗಳು 3,200ಕ್ಕೂ ಮಿಕ್ಕಿದುವು. 1951ರಲ್ಲಿ ಈ ಪರೀಕ್ಷಾಕಾರ್ಯವನ್ನು ವಹಿಸಿಕೊಳ್ಳಲು ಹಲವು ವೈದ್ಯಸಂಸ್ಥೆಗಳು ಕೂಡಿ ಸಂಯುಕ್ತ ಮಂಡಲಿಯೊಂದನ್ನು ರಚಿಸಿದುವು.

ಸಂಘವು ಕಳಂಕರಹಿತವಾಗಿತ್ತೆಂದು ಹೇಳಲಾಗದು. ಮೊದಲ ವರ್ಷದಲ್ಲಿಯೇ ಡೇನಿಯಲ್ ಹೇಲ್ ವಿಲಿಯಮ್ಸ್ ಎಂಬ ನೀಗ್ರೋ ಜನಾಂಗದ ಶಸ್ತ್ರವೈದ್ಯನನ್ನು ಸೇರಿಸಿಕೊಂಡಿತಾದರೂ, ಆ ಜನಾಂಗದ ಎರಡನೆಯವನಾದ ಲೂಯಿ ರೈಟ್ ಪ್ರವೇಶ ಪಡೆದುದು 1934ರಲ್ಲಿ. ನಡುವೆ ಇಪ್ಪತ್ತೊಂದು ವರ್ಷಗಳು ಕಳೆದಿದ್ದುವು. ಕೌಶಲವೊಂದನ್ನೇ ಅಳೆಯುವೆವೆಂದವರು ಮೈಬಣ್ಣವನ್ನೂ ಅಳೆದುದು ಶೋಚನೀಯವಲ್ಲವೇ?

1976ರಲ್ಲಿ ನಡೆದ ದುರಂತವೊಂದು ಸಂಘದಿಂದ ಮತ್ತೊಂದು ಉಪಕಾರವನ್ನು ಮಾಡಿಸಿತು. ಮೂಳೆಯ ಶಸ್ತ್ರವೈದ್ಯನಾದ ಜೇಮ್ಸ್ ಸ್ಟೈನರನು ನಡೆಸುತ್ತಿದ್ದ ಚಿಕ್ಕ ವಿಮಾನವು ನೆಬ್ರಾಸ್ಕಾ ಪ್ರಾಂತದ ಹೊಲವೊಂದರಲ್ಲಿ ಬಿದ್ದಿತು. ಹೆಂಡತಿಯು ಮೃತಳಾದಳು, ನಾಲ್ವರು ಮಕ್ಕಳಲ್ಲಿ ಮೂವರಿಗೆ ಭಾರಿ ಪೆಟ್ಟಾಯಿತು. ಹಳ್ಳಿಯ ಆಸ್ಪತ್ರೆಯಲ್ಲಿ ದೊರೆತ ಶುಶ್ರೂಷೆಯು ತಾನು ಹೊಲದಲ್ಲಿ ಬರಿಗೈಯಿಂದ ಮಾಡಿದುದಕ್ಕಿಂತ ಕಡಮೆಯೆಂದು ಆತನಿಗೆ ಕಂಡಿತು. ಉಸಿರಿನ ದಾರಿ ಮೊದಲು, ಉಸಿರಾಟ ಬಳಿಕ, ರಕ್ತದ ಹರಿವು ಅನಂತರ ಎಂದು ಗಾಯಾಳುವನ್ನು ಕ್ರಮವಾಗಿ ನೋಡುವ ಪಾಠವನ್ನು ಆತನೂ ಗೆಳೆಯರೂ ರಚಿಸಿದರು. ಸಂಘವು 1980ರಲ್ಲಿ ಅದನ್ನು ತನ್ನದಾಗಿ ಮಾಡಿಕೊಂಡಿತು. ಇಂದು ಅದು ಭರತಖಂಡವೂ ಸೇರಿ ಎಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ಬೋಧಿಸಲ್ಪಡುತ್ತಿದೆ.

ಷಿಕಾಗೋದಲ್ಲಿ ನೆಲೆಗೊಂಡ ಈ ಸಂಘವು ಇಂದು ಜಗತ್ತಿನ ಅತಿ ದೊಡ್ಡ ಶಸ್ತ್ರವೈದ್ಯ ಸಂಘಗಳಲ್ಲೊಂದು. ಅದು ಮೊಟ್ಟಮೊದಲು ಕೇಳಿದುದಾದರೋ, ‘ಬರೆದಿಟ್ಟಿರುವಿರಾ?’ ಎಂಬ ಚಿಕ್ಕ ಪ್ರಶ್ನೆ. ಗೃಹಸ್ಥರೂ ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ರೋಗವೇನು, ಮಾಡಿದ ಚಿಕಿತ್ಸೆಯೇನು, ಕೊಟ್ಟ ಔಷಧಗಳಾವುವು ಎಂಬುದನ್ನು ಆಸ್ಪತ್ರೆಯಿಂದ ಬರಹದಲ್ಲಿ ಪಡೆದು, ಮನೆಯ ಪತ್ರಗಳೊಡನೆ ಜೋಪಾನವಾಗಿ ಇರಿಸತಕ್ಕದ್ದು. ಮುಂದೆ ಬೇರೆ ವೈದ್ಯರು ನೋಡಬೇಕಾಗಿ ಬಂದಾಗ ಆ ಕಾಗದವೇ ರೋಗಿಯ ಪರವಾಗಿ ಮಾತನಾಡುವುದು.