ಪರದೇಶಕ್ಕೆ ಹೊರಟವರ ಮನೆಯವರು ಅರಿತಿರಬೇಕಾದ ಸಂಗತಿಗಳು

ಮೋಳಿಗೆಯ ಮಾರಯ್ಯನವರು ಕಾಶ್ಮೀರ ದೇಶದಿಂದ ಕಲ್ಯಾಣಕ್ಕೆ ಬಂದು ಸೌದೆ ಮಾರುವ ಕಾಯಕವನ್ನು ಕೈಗೊಂಡರೆಂದು ನಮ್ಮ ಪರಂಪರೆ ಹೇಳುತ್ತದೆ. ದೂರದಿಂದ ಬಂದವರಿಗೆ ಕಲ್ಯಾಣದಲ್ಲಿ ಮಹಾಮನೆಯ ಆಸರೆಯಿತ್ತು. ಇಂದು ನಮ್ಮ ಮಕ್ಕಳು ಕಡಲಾಚೆಗೆ ಕಾಯಕವನ್ನು ಅರಸಿ ಹೋಗುತ್ತಿದ್ದಾರೆ. ಅಲ್ಲಿ ಅವರಿಗೆ ಆಸರೆ ಯಾವುದು ಎಂಬ ಪ್ರಶ್ನೆಯನ್ನು ಪ್ರತಿಯೊಂದು ಮನೆಯೂ ಕೇಳಿಕೊಳ್ಳಬೇಕಾಗಿದೆ.

ಮಂಗಳೂರಿಗೆ ಈ ಪ್ರಶ್ನೆ ಹೊಸದಲ್ಲ. ಮೊದಲು ಮುಂಬಯಿಗೆ, ಆಮೇಲೆ ಕೊಲ್ಲಿ ರಾಷ್ಟ್ರಗಳಿಗೆ ಮಕ್ಕಳನ್ನು ಕಳುಹಿಸಿದ ಊರು ಇದು. 2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಪ್ರಯಾಣ ಸುಲಭವಾಯಿತು. ಉದ್ಯೋಗ, ವಿದ್ಯಾಭ್ಯಾಸಗಳ ನಿಮಿತ್ತ ಬಯಲುಸೀಮೆಯಿಂದ ಬಂದು ಇಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳಿಂದಲೂ ತರುಣರು ಆ ದಾರಿಯನ್ನು ಹಿಡಿದಿದ್ದಾರೆ. ಹೊರಡುವ ದಿನ ಪೂಜೆ, ಪ್ರಸಾದ, ಹಿರಿಯರ ಆಶೀರ್ವಾದ ಎಲ್ಲವೂ ನಡೆಯುತ್ತವೆ. ಆದರೆ ಮಗನ ಪಾಸ್‌ಪೋರ್ಟಿನ ಒಂದು ಪ್ರತಿ ಮನೆಯಲ್ಲಿದೆಯೇ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಈ ಲೇಖನದ ಉದ್ದೇಶವೇ ಅದು.

ವಿದೇಶದಲ್ಲಿರುವ ಭಾರತೀಯರ ಹಿತವನ್ನು ನೋಡಿಕೊಳ್ಳುವ ಹೊಣೆ ಅಲ್ಲಿನ ನಮ್ಮ ರಾಯಭಾರ ಕಚೇರಿಯದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ರಾಯಭಾರ ಕಚೇರಿ ಅಬುಧಾಬಿಯಲ್ಲಿದೆ, ಕಾನ್ಸುಲೇಟ್ ದುಬೈಯಲ್ಲಿದೆ. ಸೌದಿ ಅರೇಬಿಯದಲ್ಲಿ ಇವೇ ಎರಡು ಕಚೇರಿಗಳು ಕ್ರಮವಾಗಿ ರಿಯಾದ್ ಮತ್ತು ಜೆದ್ದಾ ನಗರಗಳಲ್ಲಿವೆ. ಪಾಸ್‌ಪೋರ್ಟ್ ಕಳೆದುಹೋದರೆ ಹೊಸದನ್ನು, ಇಲ್ಲವೇ ಊರಿಗೆ ಮರಳಲು ಮಾತ್ರ ಬರುವ ತುರ್ತು ಪ್ರಮಾಣಪತ್ರವನ್ನು ಈ ಕಚೇರಿಗಳು ಕೊಡುತ್ತವೆ. ಸಂಬಳ ಬಾರದೆ ನಿಂತರೆ ಮಾಲೀಕನೊಡನೆಯೂ ಅಲ್ಲಿನ ಕಾರ್ಮಿಕ ಇಲಾಖೆಯೊಡನೆಯೂ ವ್ಯವಹರಿಸುತ್ತವೆ. ಬಂಧನಕ್ಕೊಳಗಾದವನು ತನ್ನ ದೇಶದ ಕಾನ್ಸುಲೇಟಿಗೆ ಸುದ್ದಿ ಮುಟ್ಟಿಸುವಂತೆ ಕೇಳಬಹುದು. 1963ರ ವಿಯೆನ್ನಾ ಒಪ್ಪಂದ ಆ ಹಕ್ಕನ್ನು ಕೊಟ್ಟಿದೆ. ತೀರ ಅಸಹಾಯಕರಾದವರಿಗೆ ತಾತ್ಕಾಲಿಕ ವಸತಿ, ಮರುಪ್ರಯಾಣದ ಟಿಕೆಟ್ಟು, ಕಾನೂನು ನೆರವು ಒದಗಿಸಲು 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಸ್ಥಾಪಿಸಲಾಯಿತು.

ಹಾಗೆಂದು ಈ ಕಚೇರಿಗಳಿಗೆ ಎಲ್ಲವೂ ಸಾಧ್ಯವೆಂದು ಭಾವಿಸಲಾಗದು. ಆ ನೆಲದ ನ್ಯಾಯಾಲಯದ ತೀರ್ಪನ್ನು ಅವು ಬದಲಿಸಲಾರವು. ಸಾಲವನ್ನು ತೀರಿಸುವುದಿಲ್ಲ, ಸೆರೆಮನೆಯ ಬಾಗಿಲನ್ನು ತೆರೆಸಲಾರವು. ತನ್ನ ಪ್ರಜೆ ಎಲ್ಲಿದ್ದಾನೆ, ಯಾರ ಬಳಿ ದುಡಿಯುತ್ತಿದ್ದಾನೆ ಎಂಬುದೇ ತಿಳಿಯದಿದ್ದರೆ ನೆರವಿಗೆ ಬರುವುದು ಕೂಡ ಕಷ್ಟ. ಅದನ್ನು ತಿಳಿಸಬೇಕಾದವರು ಮನೆಯವರೇ.

ಅತ್ಯಂತ ಕಠಿಣವಾದ ಗಳಿಗೆ ಮರಣದ್ದು. ದೇಹವನ್ನು ಸಮಾಧಿಗೊಪ್ಪಿಸುವ ಸಂಪ್ರದಾಯದ ನಾವು ಪಾರ್ಥಿವ ಶರೀರ ಊರಿಗೆ ಬರಲೆಂದು ಹಂಬಲಿಸುವುದು ಸಹಜ. ಅದಕ್ಕೆ ಆ ದೇಶದ ಮರಣ ಪ್ರಮಾಣಪತ್ರ, ಶರೀರವನ್ನು ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ರದ್ದುಗೊಳಿಸಿದ ಪಾಸ್‌ಪೋರ್ಟ್, ನಮ್ಮ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ ಇವೆಲ್ಲ ಬೇಕಾಗುತ್ತವೆ. ಅಪಘಾತವಾಗಿದ್ದರೆ ಪೊಲೀಸರ ವರದಿಯೂ ಸೇರುತ್ತದೆ. ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದುದು ನಾಡಿಗೆ ತಿಳಿದ ಸಂಗತಿ. ಸರ್ಕಾರವೇ ಮುಂದೆ ನಿಂತರೂ ಯುದ್ಧದ ನಡುವಿನಿಂದ ಆ ಶರೀರ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು. ಹೆತ್ತವರು ವೀರಶೈವ ವಿಧಿಯಂತೆ ಪೂಜೆ ಸಲ್ಲಿಸಿ, ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ದುಃಖದಲ್ಲಿಯೂ ದಾಸೋಹವನ್ನು ಮರೆಯದ ಆ ದಂಪತಿಗಳಿಗೆ ನಮ್ಮ ಶರಣು.

ಇನ್ನು ಮನೆಯಲ್ಲಿ ಮಾಡಬೇಕಾದುದು. ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರುಪತ್ರ, ವಿಮೆಯ ಪತ್ರ ಇವುಗಳ ಪ್ರತಿಗಳನ್ನು ಒಂದು ಚೀಲದಲ್ಲಿರಿಸಿ, ಅದು ಎಲ್ಲಿದೆಯೆಂದು ತಾಯಿಗೂ ಹೆಂಡತಿಗೂ ತಿಳಿಸಿರಬೇಕು. ಮಾಲೀಕನ ವಿಳಾಸ, ಜೊತೆಗಾರರಿಬ್ಬರ ದೂರವಾಣಿ ಸಂಖ್ಯೆ ಅದರಲ್ಲಿರಲಿ. ಉದ್ಯೋಗ ಕೊಡಿಸುವ ಏಜೆಂಟನು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತನೇ ಎಂಬುದನ್ನು ಹಣ ಕೊಡುವ ಮೊದಲೇ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಪರಿಶೀಲಿಸಬೇಕು. ಭೇಟಿಯ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕಿಕೊಳ್ಳಬಹುದೆಂಬ ಮಾತಿಗೆ ಮರುಳಾಗಬಾರದು. ಆ ವೀಸಾದಲ್ಲಿ ದುಡಿದವನು ಕಾನೂನಿನ ಕಣ್ಣಿಗೆ ತಾನೇ ಅಪರಾಧಿಯಾಗುತ್ತಾನೆ.

ಹತ್ತನೆಯ ತರಗತಿ ದಾಟದವರ ಪಾಸ್‌ಪೋರ್ಟಿನಲ್ಲಿ ವಲಸೆ ಪರಿಶೀಲನೆ ಅಗತ್ಯವೆಂಬ ಷರತ್ತಿರುತ್ತದೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಕೆಲವು ನಿಗದಿತ ದೇಶಗಳಿಗೆ ಉದ್ಯೋಗಕ್ಕೆ ಹೋಗಲು ವಲಸಿಗರ ಸಂರಕ್ಷಕರ ಅನುಮತಿ ಪಡೆಯಬೇಕು. ಅವರಿಗಾಗಿಯೇ ಇರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯು ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿಗಳ ರಕ್ಷಣೆ ನೀಡುತ್ತದೆ. ಕಂತು ಅಲ್ಪವೇ. ಆದರೂ ಪತ್ರ ಎಲ್ಲಿದೆಯೆಂದು ಮನೆಯವರಿಗೆ ತಿಳಿಯದಿದ್ದರೆ ಆ ಹಣ ವಾರಸುದಾರರ ಕೈಸೇರುವುದು ಹೇಗೆ?

ತೊಂದರೆ ಒದಗಿದಾಗ ಮಂಗಳೂರಿನ ಮನೆಯಲ್ಲಿ ಕುಳಿತೇ ದೂರು ಸಲ್ಲಿಸಲು 2015ರ ಫೆಬ್ರವರಿಯಲ್ಲಿ ವಿದೇಶಾಂಗ ಸಚಿವಾಲಯವು 'ಮದದ್' ಎಂಬ ವ್ಯವಸ್ಥೆಯನ್ನು ತೆರೆಯಿತು. ಬಂಧುಗಳೂ ಅದರಲ್ಲಿ ದೂರು ಕೊಡಬಹುದು, ಅದು ಯಾವ ಹಂತದಲ್ಲಿದೆಯೆಂದು ನೋಡಬಹುದು. ಆದರೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದು ಹಳ್ಳಿಯಿಂದ ಬಂದ ಎಷ್ಟೋ ತಾಯಂದಿರಿಗೆ ಆಗದ ಕೆಲಸ. ಬಸವ ಸಮಿತಿಗಳೂ ಅಕ್ಕನ ಬಳಗಗಳೂ ಮಠಗಳ ವಿದ್ಯಾರ್ಥಿನಿಲಯಗಳ ತರುಣರೂ ತಿಂಗಳಿಗೊಂದು ದಿನ ಕುಳಿತು ಇಂಥ ಅರ್ಜಿಗಳನ್ನು ಬರೆದುಕೊಡುವಂತಾಗಲಿ. ಅನ್ನದಾಸೋಹದಂತೆ ಇದೂ ದಾಸೋಹವೇ. ಈ ಸಂಚಿಕೆ ಕೈಸೇರಿದ ದಿನವೇ, ಪರದೇಶದಲ್ಲಿ ಮಕ್ಕಳಿರುವ ಪ್ರತಿಯೊಂದು ಮನೆಯವರೂ ಅವರ ಪಾಸ್‌ಪೋರ್ಟಿನ ಪ್ರತಿಯನ್ನು ತರಿಸಿಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ.