ಅನ್ನದ ಮೇಜಿನ ಮುಂದೆ

ಹಾಲೆಂಡಿನ ಹೇಗ್ ಅಥವಾ ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಹೋದರೆ ಅಲ್ಲಿಯ ಸ್ನೇಹಿತರು ಒಂದು ಸಂಜೆ ನಿಮ್ಮನ್ನು ‘ರೈಸ್ಟಾಫೆಲ್’ ಊಟಕ್ಕೆ ಕರೆದೊಯ್ಯುವುದುಂಟು. ಈ ಡಚ್ ಮಾತಿಗೆ ‘ಅನ್ನದ ಮೇಜು’ ಎಂದರ್ಥ. ಆದರೆ ಅಡುಗೆ ಇಂಡೊನೇಷ್ಯದ್ದು. ನೀವು ಕುಳಿತ ಸ್ವಲ್ಪ ಹೊತ್ತಿನಲ್ಲೇ ಹನ್ನೆರಡೋ ಇಪ್ಪತ್ತೋ ಪುಟ್ಟ ಬಟ್ಟಲುಗಳು ಮೇಜನ್ನು ತುಂಬುತ್ತವೆ. ಜೊತೆಗೆ ಬಿಳಿ ಅನ್ನ. ಎಲ್ಲಿಂದ ಆರಂಭಿಸುವುದು?

ಅನ್ನದಿಂದಲೇ. ತಟ್ಟೆಯ ನಡುವೆ ಸ್ವಲ್ಪ ಅನ್ನ ಹಾಕಿಕೊಂಡು, ಸುತ್ತಲೂ ಒಂದೊಂದು ಬಟ್ಟಲಿನಿಂದ ಒಂದೊಂದು ಚಮಚ ಬಡಿಸಿಕೊಳ್ಳಿ. ನಾವು ಸಾರನ್ನ ಕಲಸುವಂತೆ ಎಲ್ಲವನ್ನೂ ಕಲಸಿಬಿಟ್ಟರೆ ಹತ್ತು ರುಚಿಗಳು ಸೇರಿ ಒಂದೇ ಆಗುತ್ತವೆ. ಸಪ್ಪೆಯಾದುದನ್ನು ಮೊದಲು, ಖಾರದ್ದನ್ನು ಕೊನೆಗೆ ತಿನ್ನುವುದು ಒಳ್ಳೆಯದು.

ಕಪ್ಪಗೆ, ಒಣಗಿದಂತೆ ಕಾಣುವುದು ರೆಂದಾಂಗ್. ತೆಂಗಿನ ಹಾಲಿನಲ್ಲಿ ಗಂಟೆಗಟ್ಟಲೆ ಬೇಯಿಸಿ ನೀರೆಲ್ಲ ಇಂಗಿಸಿದ ಮಾಂಸ ಅದು, ಸಾಮಾನ್ಯವಾಗಿ ದನದ್ದು. ಕಡ್ಡಿಗೆ ಪೋಣಿಸಿ ಸುಟ್ಟದ್ದು ಸಾತೆ. ಬೇಯಿಸಿದ ತರಕಾರಿಯ ಮೇಲೆ ಕಡಲೆಕಾಯಿಯ ಗೊಜ್ಜು ಸುರಿದದ್ದು ಗಾದೊ-ಗಾದೊ. ಹುರಿದ ಕೊಬ್ಬರಿಯ ಸೆರುಂದೆಂಗ್ ನೋಡಿದರೆ ನಮ್ಮ ಚಟ್ನಿಪುಡಿಯ ನೆನಪಾಗದಿರದು. ಸಾಂಬಾಲ್ ಎಂಬ ಹೆಸರು ಕೇಳಿ ಸಾಂಬಾರೆಂದು ಧಾರಾಳವಾಗಿ ಬಡಿಸಿಕೊಂಡೀರಿ, ಜೋಕೆ! ಅದು ಅರೆದ ಮೆಣಸಿನಕಾಯಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಸಂಡಿಗೆಯಂತೆ ಕಾಣುವ ಕ್ರುಪುಕ್‌ನಲ್ಲಿ ಬಹುಪಾಲು ಸಿಗಡಿ ಇರುತ್ತದೆ. ಸಾಂಬಾಲಿಗೂ, ಎಷ್ಟೋ ತರಕಾರಿ ಪಲ್ಯಗಳಿಗೂ ‘ತೆರಾಸಿ’ ಎಂಬ ಸಿಗಡಿಯ ಹುದುಗು ಬೀಳುತ್ತದೆ. ಮೊದಲೇ ಕೇಳಿಕೊಳ್ಳಿ. ಸೋಯಾ ಕಾಳನ್ನು ಹುದುಗಿಸಿ ಮಾಡುವ ಜಾವಾದ ತೆಂಪೆ ನಿಮ್ಮ ಪಾಲಿಗಿದೆ.

ಇಷ್ಟಾಗಿಯೂ ಇದು ಇಂಡೊನೇಷ್ಯದ ಜನರ ಊಟವಲ್ಲ. ಅಲ್ಲಿನ ಮನೆಗಳಲ್ಲಿ ಅನ್ನ, ಒಂದೆರಡು ವ್ಯಂಜನ, ಸಾಂಬಾಲ್ ಇದ್ದರೆ ಊಟ ಮುಗಿಯಿತು. ಬೇರೆ ಬೇರೆ ದ್ವೀಪಗಳ ಅಡುಗೆಯನ್ನು ಒಂದೇ ಮೇಜಿಗೆ ತಂದು ಮೆರೆಸಿದವರು ಡಚ್ ಆಳರಸರು. ಬಟಾವಿಯಾದ, ಎಂದರೆ ಇಂದಿನ ಜಕಾರ್ತದ, ‘ಹೋಟೆಲ್ ಡೆಸ್ ಇಂಡೆಸ್’ ಇದಕ್ಕೆ ಹೆಸರುವಾಸಿಯಾಗಿತ್ತು. ಪರಿಚಾರಕರು ಸಾಲುಗಟ್ಟಿ, ಒಬ್ಬೊಬ್ಬರು ಒಂದೊಂದು ಭಕ್ಷ್ಯ ಹಿಡಿದು ಬರುತ್ತಿದ್ದರು. ಉಣ್ಣುವವನ ಅಂತಸ್ತನ್ನು ಆ ಸಾಲಿನ ಉದ್ದವೇ ಹೇಳುತ್ತಿತ್ತು.

ಆ ಅಂತಸ್ತಿಗೆ ಹಣ ಬಂದದ್ದು ಎಲ್ಲಿಂದ? 1830ರಲ್ಲಿ ಜಾರಿಗೆ ಬಂದ ಬೇಸಾಯ ಕಟ್ಟಳೆಯಂತೆ ಜಾವಾದ ಹಳ್ಳಿಗಳು ತಮ್ಮ ಭೂಮಿಯ ಐದನೆಯ ಒಂದು ಭಾಗದಲ್ಲಿ ಸರ್ಕಾರಕ್ಕಾಗಿ ಕಬ್ಬು, ನೀಲಿ ಮೊದಲಾದವನ್ನು ಬೆಳೆಯಬೇಕಿತ್ತು. ಎಷ್ಟೋ ಕಡೆ ಐದನೆಯ ಒಂದಕ್ಕೆ ಅದು ನಿಲ್ಲಲಿಲ್ಲ. ರೈತನ ದುಡಿಮೆಯೂ ಅದಕ್ಕೇ ಹೋಗಿ ಭತ್ತದ ಗದ್ದೆ ಸೊರಗಿತು. 1849-50ರಲ್ಲಿ ಮಧ್ಯ ಜಾವಾದ ದೆಮಾಕ್, ಗ್ರೊಬೊಗಾನ್ ಪ್ರದೇಶಗಳಲ್ಲಿ ಘೋರ ಕ್ಷಾಮ ತಲೆದೋರಿತು. ಅನ್ನ ಬೆಳೆಯುವ ನಾಡಿನಲ್ಲೇ ಅನ್ನವಿಲ್ಲದೆ ಜನ ಸತ್ತರು. ‘ಅನ್ನದ ಮೇಜು’ ಎಂಬ ಹೆಸರು ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

1945ರಲ್ಲಿ ಇಂಡೊನೇಷ್ಯ ಸ್ವಾತಂತ್ರ್ಯ ಘೋಷಿಸಿತು. 1949ರಲ್ಲಿ ಡಚ್ಚರು ಅದನ್ನು ಒಪ್ಪಿಕೊಂಡರು. ಮುಂದೆ ಲಕ್ಷಾಂತರ ಡಚ್ಚರೂ ಮಿಶ್ರ ಸಂತತಿಯವರೂ ಹಾಲೆಂಡಿಗೆ ತೆರಳಿದರು. ಅವರಲ್ಲಿ ಅನೇಕರು ಆ ದೇಶವನ್ನು ಅದುವರೆಗೆ ಕಂಡೇ ಇರಲಿಲ್ಲ. ಬಿಟ್ಟುಬಂದ ಊರಿನ ರುಚಿಯನ್ನು ಅವರು ಚಳಿಯ ನಾಡಿನಲ್ಲಿ ಉಳಿಸಿಕೊಂಡರು. ಜಕಾರ್ತದ ಆ ಹೋಟೆಲನ್ನು 1971ರಲ್ಲಿ ಕೆಡವಲಾಯಿತು.

ಇದರ ಮೂಲವನ್ನು ನೋಡಬೇಕೆಂದರೆ ಇಂಡೊನೇಷ್ಯದಲ್ಲಿ ಪಾದಾಂಗ್ ಊಟದ ಅಂಗಡಿಗೆ ಹೋಗಿ. ಪಶ್ಚಿಮ ಸುಮಾತ್ರದ ಅಡುಗೆ ಅದು. ಬಡಿಸುವವನು ತೋಳಿನುದ್ದಕ್ಕೂ ತಟ್ಟೆಗಳನ್ನು ಪೇರಿಸಿಕೊಂಡು ಬಂದು, ಕೇಳದೆಯೇ ಎಲ್ಲವನ್ನೂ ನಿಮ್ಮ ಮುಂದಿಡುತ್ತಾನೆ. ಗಾಬರಿಯಾಗಬೇಡಿ. ಬಲಗೈ ತೊಳೆದುಕೊಂಡು ಬೇಕಾದ್ದನ್ನು ತಿನ್ನಿ. ತಿಂದದ್ದಕ್ಕೆ ಮಾತ್ರ ಹಣ. ಮುಟ್ಟದ ತಟ್ಟೆಗಳು ಹಾಗೆಯೇ ಒಳಗೆ ಹೋಗುತ್ತವೆ.