ಕೊಲೆಗಾರ ಯಾರೆಂದು ಗೊತ್ತಿದ್ದೂ ಬಿಡದೆ ನೋಡಿಸುವ 'ಕೊಲಂಬೊ'

'ಕೊಲಂಬೊ' ಅಮೆರಿಕದ ಪತ್ತೇದಾರಿ ಟಿ.ವಿ. ಸರಣಿ. ಲಾಸ್ ಏಂಜಲಿಸ್ ಪೊಲೀಸ್ ಇಲಾಖೆಯ ಲೆಫ್ಟಿನೆಂಟ್ ಕೊಲಂಬೊ ಅದರ ನಾಯಕ. ಪಾತ್ರಧಾರಿ ಪೀಟರ್ ಫಾಕ್. ಫಾಕ್ ಈ ವೇಷದಲ್ಲಿ ಮೊದಲು ಕಾಣಿಸಿಕೊಂಡದ್ದು 1968ರ ಒಂದು ಟೆಲಿಚಿತ್ರದಲ್ಲಿ. ಮುಂದೆ 1971ರಿಂದ 1978ರವರೆಗೆ ಎನ್‌ಬಿಸಿಯಲ್ಲಿ, ಆಮೇಲೆ 1989ರಿಂದ 2003ರವರೆಗೆ ಎಬಿಸಿಯಲ್ಲಿ ಸರಣಿ ನಡೆಯಿತು. ಇಷ್ಟು ದೀರ್ಘ ಕಾಲದಲ್ಲಿ ಬಂದ ಕಂತುಗಳು ಒಟ್ಟು 69. ಎಪ್ಪತ್ತರ ದಶಕದಲ್ಲಿ ಬೇರೆ ಪತ್ತೇದಾರಿ ಸರಣಿಗಳೊಂದಿಗೆ ಸರದಿಯ ಮೇಲೆ ಬರುತ್ತಿದ್ದುದರಿಂದ ವಾರವಾರ ಕಥೆ ಹೊಸೆಯುವ ಅವಸರ ಬರಹಗಾರರಿಗೆ ಇರಲಿಲ್ಲ. ಒಂದೊಂದು ಕಂತೂ ಒಂದು ಸಿನಿಮಾದಷ್ಟು ಉದ್ದ, ಅಷ್ಟೇ ಅಚ್ಚುಕಟ್ಟು.

ಸಾಮಾನ್ಯ ಪತ್ತೇದಾರಿ ಕಥೆ ಕೊಲೆಗಾರನ ಹೆಸರನ್ನು ಕೊನೆಯ ಪುಟದವರೆಗೆ ಬಚ್ಚಿಡುತ್ತದೆ. 'ಕೊಲಂಬೊ'ದ ಸೃಷ್ಟಿಕರ್ತರಾದ ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಆ ಗುಟ್ಟನ್ನು ಆರಂಭದಲ್ಲೇ ಬಿಟ್ಟುಕೊಟ್ಟರು. ಕೊಲೆ ಮಾಡಿದವರು ಯಾರು, ಹೇಗೆ ಮಾಡಿದರು, ಸುಳಿವನ್ನು ಹೇಗೆ ಅಳಿಸಿದರು ಎಂಬುದೆಲ್ಲ ಪ್ರೇಕ್ಷಕರ ಕಣ್ಣೆದುರೇ ನಡೆಯುತ್ತದೆ. ಕೊಲಂಬೊ ಬರುವುದು ಅದೆಲ್ಲ ಮುಗಿದ ಮೇಲೆ. ಈ ತಿರುವುಮುರುವಿನ ವಿಧಾನ ಹೊಸದೇನಲ್ಲ. ಬ್ರಿಟಿಷ್ ಲೇಖಕ ಆಸ್ಟಿನ್ ಫ್ರೀಮನ್ 1912ರ ತನ್ನ ಕಥಾಸಂಕಲನದಲ್ಲೇ ಇದನ್ನು ಬಳಸಿದ್ದ. ದುರ್ಯೋಧನ ಸಾಯುವುದು ಯಕ್ಷಗಾನ ನೋಡಲು ಬಂದವರಿಗೆಲ್ಲ ಗೊತ್ತು. ಆದರೂ ಬೆಳಗಿನವರೆಗೆ ಕೂರುವುದು ಇಬ್ಬರು ವೇಷಧಾರಿಗಳ ನಡುವಿನ ಮಾತಿನ ವರಸೆಗಾಗಿ. 'ಕೊಲಂಬೊ'ದ ಅಭಿಮಾನಿಗಳನ್ನು ಹಿಡಿದಿಟ್ಟದ್ದೂ ಅಂಥದೇ ಮುಖಾಮುಖಿ.

ಆ ಮುಖಾಮುಖಿಗೆ ವರ್ಗದ ಬಿಸಿಯೂ ಇದೆ. ಈ ಸರಣಿಯ ಕೊಲೆಗಾರರು ಹೆಚ್ಚಾಗಿ ಹಣ, ಹೆಸರು, ಬುದ್ಧಿ ಮೂರೂ ಇರುವವರು: ಶಸ್ತ್ರವೈದ್ಯರು, ಲೇಖಕರು, ಸಂಗೀತ ನಿರ್ದೇಶಕರು, ಉದ್ಯಮಿಗಳು. ಅವರ ಬಂಗಲೆಗೆ ಸುಕ್ಕುಗಟ್ಟಿದ ಮಳೆಕೋಟು ತೊಟ್ಟು, ಚುಟ್ಟಾ ಹಿಡಿದು, ಹಳೆಯ ಪ್ಯೂಜೋ 403 ಕಾರಿನಲ್ಲಿ ಬಂದಿಳಿಯುವವನು ಕೊಲಂಬೊ. ಕೈಯಲ್ಲಿ ಬಂದೂಕಿಲ್ಲ, ಬಾಯಲ್ಲಿ ಗದರಿಕೆಯಿಲ್ಲ. ಮಾತೆತ್ತಿದರೆ ಹೆಂಡತಿಯ ಸುದ್ದಿ. ಇವನಿಂದ ತನಗೇನಾದೀತು ಎಂದು ಕೊಲೆಗಾರ ನಿಶ್ಚಿಂತನಾಗುತ್ತಾನೆ. ಹೊರಟವನು ಬಾಗಿಲ ಬಳಿ ನಿಂತು, 'ಇನ್ನೊಂದೇ ಒಂದು ವಿಷಯ ಸರ್' ಎಂದು ಹಿಂತಿರುಗುತ್ತಾನೆ. ಅವನು ಕೇಳಬೇಕಿದ್ದುದು ಅದೊಂದನ್ನೇ. ಕೀಳಾಗಿ ಕಂಡವರ ಎದುರು ವಿನಯ ಬಿಡದೆ ಗೆಲ್ಲುವ ಈ ಮನುಷ್ಯನಲ್ಲಿ ಸಾಮಾನ್ಯ ಪ್ರೇಕ್ಷಕರು ತಮ್ಮ ಕಡೆಯವನನ್ನು ಕಂಡರು. ದಾಸ್ತೊಯೆವ್‌ಸ್ಕಿಯ 'ಕ್ರೈಮ್ ಆ್ಯಂಡ್ ಪನಿಶ್‌ಮೆಂಟ್' ಕಾದಂಬರಿಯಲ್ಲಿ ಮಾತಿನಲ್ಲೇ ಅಪರಾಧಿಯನ್ನು ಸುತ್ತುವರಿಯುವ ತನಿಖಾಧಿಕಾರಿ ಪೊರ್ಫಿರಿ ಪೆಟ್ರೊವಿಚ್ ಈ ಪಾತ್ರಕ್ಕೆ ಪ್ರೇರಣೆ.

ಆದರೆ ಸೇಡಿನ ಸಂತೋಷವೊಂದೇ ಆಗಿದ್ದರೆ ಸರಣಿ ಇಷ್ಟು ಕಾಲ ಬಾಳುತ್ತಿರಲಿಲ್ಲ. 1973ರ 'ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್' ಕಂತನ್ನು ನೋಡಬೇಕು. ದ್ರಾಕ್ಷಾರಸವೇ ಜೀವವಾಗಿರುವ ಏಡ್ರಿಯನ್ ಕಾರ್ಸಿನಿ ಅದರ ಕೊಲೆಗಾರ. ಡೊನಾಲ್ಡ್ ಪ್ಲೆಸೆನ್ಸ್ ಆ ಪಾತ್ರದಲ್ಲಿದ್ದಾರೆ. ವೈನರಿಯನ್ನು ಮಾರಲು ಹೊರಟ ಮಲತಮ್ಮನನ್ನು ಹೊಡೆದು ಉರುಳಿಸಿ, ವೈನ್ ನೆಲಮಾಳಿಗೆಯಲ್ಲಿ ಕಟ್ಟಿಹಾಕಿ, ಎ.ಸಿ. ನಿಲ್ಲಿಸಿ ಅವನು ಊರು ಬಿಡುತ್ತಾನೆ. ಅದೇ ವಾರ ಬಿಸಿಲು ಭಯಂಕರ. ಕೊಲಂಬೊ ವೈನ್ ಬಗ್ಗೆ ಓದಿ, ರುಚಿ ನೋಡುವುದನ್ನು ಕಲಿತು, ಕಾರ್ಸಿನಿಯದೇ ಮಾಳಿಗೆಯ ಬಾಟಲಿಯೊಂದನ್ನು ಹೋಟೆಲಿನಲ್ಲಿ ಅವನಿಗೆ ಬಡಿಸುವಂತೆ ಮಾಡುತ್ತಾನೆ. ಒಂದು ಗುಟುಕು ಕುಡಿದ ಕಾರ್ಸಿನಿ, ಇದು ಕಾವಿಗೆ ಕೆಟ್ಟ ಮಾಲು ಎಂದು ರೇಗುತ್ತಾನೆ. ಅವನ ನಾಲಗೆಯೇ ಅವನ ವಿರುದ್ಧ ಸಾಕ್ಷಿ ನುಡಿಯುತ್ತದೆ. ಠಾಣೆಗೆ ಕರೆದೊಯ್ಯುವ ಮೊದಲು ಕೊಲಂಬೊ ಕಾರಿನಲ್ಲಿ ಅವನೊಂದಿಗೆ ಒಂದು ಒಳ್ಳೆಯ ವೈನ್ ಹಂಚಿಕೊಳ್ಳುತ್ತಾನೆ. ಅಪರಾಧವನ್ನು ಬಿಡದೆ ಹಿಡಿದು, ಅಪರಾಧಿಯ ಘನತೆಯನ್ನೂ ಉಳಿಸಿದ ಇಂಥ ಗಳಿಗೆಗಳು ಟಿ.ವಿ.ಯಲ್ಲಿ ಅಪರೂಪ.

ಪಾತ್ರಕ್ಕೆ ಜೀವ ತುಂಬಿದ್ದು ಫಾಕ್. ಮೂರನೇ ವಯಸ್ಸಿನಲ್ಲೇ ಒಂದು ಕಣ್ಣು ಕಳೆದುಕೊಂಡಿದ್ದ ಅವರು ಗಾಜಿನ ಕಣ್ಣಿನೊಂದಿಗೇ ನಟರಾದರು. ಆ ಮಳೆಕೋಟು ಅವರ ಸ್ವಂತದ್ದು. ಈ ಪಾತ್ರಕ್ಕೆ ಅವರಿಗೆ 4 ಎಮ್ಮಿ ಪ್ರಶಸ್ತಿಗಳು ಬಂದವು.

ಸರಣಿ ಕೆಲವನ್ನು ಕೊನೆಯವರೆಗೂ ಹೇಳಲಿಲ್ಲ. ಸದಾ ಮಾತಿನಲ್ಲಿ ಬರುವ ಹೆಂಡತಿ ಒಮ್ಮೆಯೂ ತೆರೆಗೆ ಬರಲಿಲ್ಲ. ಕೊಲಂಬೊನ ಮೊದಲ ಹೆಸರನ್ನು ಯಾರೂ ಉಚ್ಚರಿಸಲಿಲ್ಲ. 1971ರ ಒಂದು ಕಂತಿನಲ್ಲಿ ಅವನ ಗುರುತುಪತ್ರ ಕ್ಷಣಮಾತ್ರ ಕಾಣುತ್ತದೆ. ಚಿತ್ರವನ್ನು ನಿಲ್ಲಿಸಿ ನೋಡಿದ ಅಭಿಮಾನಿಗಳು ಅದರಲ್ಲಿ 'ಫ್ರಾಂಕ್' ಎಂಬುದನ್ನು ಓದಿದರು. ಇಷ್ಟು ಶ್ರದ್ಧೆಯಿಂದ ನೋಡುವವರು ಅಮೆರಿಕದ ಹೊರಗೂ ಇದ್ದಾರೆ. ಫಾಕ್ 2011ರಲ್ಲಿ ತೀರಿಕೊಂಡರು. 2014ರಲ್ಲಿ ಹಂಗೆರಿಯ ಬುಡಾಪೆಸ್ಟ್ ನಗರದ ಬೀದಿಯಲ್ಲಿ ಕೊಲಂಬೊ ಮತ್ತು ಅವನ ನಾಯಿಯ ಕಂಚಿನ ಪ್ರತಿಮೆ ನಿಂತಿತು. 2023ರ 'ಪೋಕರ್ ಫೇಸ್' ಸರಣಿ ಇದೇ ಧಾಟಿಯಲ್ಲಿ ಬಂದಿತು.

ಪ್ರತಿ ಕಂತಿನ ಕಥೆಯೂ ಬೇರೆಯಾದ್ದರಿಂದ ಎಲ್ಲಿಂದ ಬೇಕಾದರೂ ನೋಡಬಹುದು. ಹೊಸಬರಿಗೆ 1971ರ 'ಮರ್ಡರ್ ಬೈ ದ ಬುಕ್' ಒಳ್ಳೆಯ ಆರಂಭ. ಅದನ್ನು ನಿರ್ದೇಶಿಸಿದ್ದು ಆಗ 24ರ ತರುಣನಾಗಿದ್ದ ಸ್ಟೀವನ್ ಸ್ಪೀಲ್‌ಬರ್ಗ್.